ಹಗ್ಗ, ಗೂಟ ಮತ್ತು ತೋಟದ ಮೂಲೆ



ಮುಂಗಾರಿಗೆ ಮೊದಲು ಗುಂಡಿ ತೆಗೆಸುವ ಕಾಲ ಬಂತೆಂದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಾತೆಲ್ಲ ಸಸಿಯ ಮೇಲೆಯೇ. ಬೀಜದ ಕಾಯಿ ಯಾವ ತೋಟದ್ದು, ಸಸಿಗೆ ಎಷ್ಟು ಗರಿ ಬಂದಿದೆ, ಗುಂಡಿ ಎಷ್ಟು ಆಳವಿರಬೇಕು, ಕೊಟ್ಟಿಗೆ ಗೊಬ್ಬರ ಎಷ್ಟು ಬುಟ್ಟಿ ಹಾಕಬೇಕು ಎಂದು ಹತ್ತು ಜನರನ್ನು ಕೇಳಿ ತಿಳಿದುಕೊಳ್ಳುತ್ತೇವೆ. ಮೊದಲ ಗೂಟ ಎಲ್ಲಿಗೆ ಹೊಡೆಯಬೇಕು, ಅಲ್ಲಿಂದ ಸಾಲು ಯಾವ ಕೋನದಲ್ಲಿ ತಿರುಗಬೇಕು ಎಂಬುದನ್ನು ಮಾತ್ರ ಕಣ್ಣಳತೆಗೆ ಬಿಟ್ಟುಬಿಡುತ್ತೇವೆ.

ಗೊಬ್ಬರ ಕಡಿಮೆಯಾದರೆ ಮುಂದಿನ ವರ್ಷ ಹಾಕಬಹುದು. ನೀರು ಸಾಲದಿದ್ದರೆ ಇನ್ನೊಂದು ದಾರಿ ಹುಡುಕಬಹುದು. ಅರವತ್ತು, ಎಂಬತ್ತು ವರ್ಷ ನಿಲ್ಲುವ ತೆಂಗಿನ ಸಾಲು ಓರೆಯಾದರೆ ಮಾತ್ರ ಅದನ್ನು ತಿದ್ದುವ ಉಪಾಯ ಯಾರಲ್ಲಿಯೂ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಮಕ್ಕಳಿಗೆ ಹೇಳಿದ್ದಾದರೂ ತೋಟದ ಸಾಲಿಗೂ ಅಷ್ಟೇ ಒಪ್ಪುತ್ತದೆ.

ಆದ್ದರಿಂದ ಈ ಸಂಚಿಕೆಯಲ್ಲಿ ಕೋನವನ್ನು ನೆಲದ ಮೇಲೆ ಸರಿಯಾಗಿ ಹಿಡಿಯುವ ಬಗೆಯನ್ನು ವಿವರಿಸುತ್ತೇವೆ. ಇದಕ್ಕೆ ಇಂಜಿನಿಯರರ ಥಿಯೊಡೊಲೈಟ್ ಬೇಡ, ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕವೂ ಬೇಡ. ಹಗ್ಗ, ಗೂಟ, ಒಂದು ಟೇಪು ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಸಾಕು.

ಒಂದು ಡಿಗ್ರಿಯ ಬೆಲೆ

ಒಂದು ಪೂರ್ತಿ ಸುತ್ತಿಗೆ 360 ಡಿಗ್ರಿ. ಅದರಲ್ಲಿ ಒಂದು ಡಿಗ್ರಿ ಎಂದರೆ ಕಾಗದದ ಮೇಲೆ ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಹೊಲದಲ್ಲಿ ಅದು ನಡೆದಷ್ಟೂ ಬೆಳೆಯುತ್ತದೆ. ಒಂದು ಡಿಗ್ರಿ ತಪ್ಪಿದ ಗೆರೆ 57 ಅಡಿ ಹೋಗುವಷ್ಟರಲ್ಲಿ ಒಂದು ಅಡಿ ಸರಿದಿರುತ್ತದೆ, 400 ಅಡಿ ಹೋದಾಗ 7 ಅಡಿ. ತಪ್ಪು 5 ಡಿಗ್ರಿಯಾದರೆ 400 ಅಡಿಗೆ 35 ಅಡಿ. 25 ಅಡಿ ಅಂತರದ ತೋಟದಲ್ಲಿ ಇದು ಒಂದು ಸಾಲಿಗೂ ಹೆಚ್ಚು.

ನಮ್ಮ ತೋಟದ್ದೇ ಕಥೆ ಹೇಳುತ್ತೇವೆ. ಉತ್ತರದ ಬದುವಿನ ಉದ್ದಕ್ಕೆ 200 ಅಡಿಯಲ್ಲಿ 25 ಅಡಿಗೊಂದರಂತೆ ಒಂಬತ್ತು ಗೂಟ ಹೊಡೆದೆವು. ಪೂರ್ವ, ಪಶ್ಚಿಮದ ಬದುಗಳು ನೇರವಾಗಿಯೇ ಇವೆ ಎಂದು ನಂಬಿ, ಅವುಗಳ ಜೊತೆಯಲ್ಲಿಯೇ ಸಾಲುಗಳನ್ನು 300 ಅಡಿ ಕೆಳಕ್ಕೆ ಇಳಿಸಿದೆವು. ದಕ್ಷಿಣದ ಬದು 172 ಅಡಿ ಮಾತ್ರ ಇತ್ತು. ಒಂಬತ್ತು ಸಾಲನ್ನು ಅಷ್ಟರಲ್ಲೇ ಹೊಂದಿಸಿದ್ದರಿಂದ ಮೇಲೆ 25 ಅಡಿ ಇದ್ದ ಅಂತರ ಕೆಳಗೆ 21 ಅಡಿ 6 ಅಂಗುಲಕ್ಕೆ ಬಂತು. ಸಸಿಯಿದ್ದಾಗ ಯಾರಿಗೂ ಕಾಣಲಿಲ್ಲ. ಮರವಾದ ಮೇಲೆ ಕೆಳಗಿನ ತುದಿಯಲ್ಲಿ ಗರಿಗೆ ಗರಿ ಸಿಕ್ಕಿಕೊಂಡವು. ನಡುವೆ ಅಡಿಕೆ ಇಡಲು ಹೋದಾಗ ಮೇಲೆ ಸಲೀಸಾಗಿ ಹಿಡಿದ ಎರಡು ಸಾಲು ಕೆಳಗೆ ಬರುತ್ತ ಇಕ್ಕಟ್ಟಾದವು. ತಪ್ಪು ಐದು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ನಮ್ಮ ಬದುಗಳು ಲಂಬಕೋನಕ್ಕೆಂದು ಹಾಕಿದವಲ್ಲ. ಇಳಿಜಾರು, ಹಳ್ಳ, ಅಣ್ಣತಮ್ಮಂದಿರ ಪಾಲು ಇವುಗಳಿಂದ ಆದವು. ಬದುವನ್ನು ಅಳತೆಗೋಲು ಎಂದು ನಂಬಬಾರದು. ಒಂದು ಉದ್ದನೆಯ ಬದುವನ್ನು ಅಥವಾ ದಾರಿಯ ಅಂಚನ್ನು ಆಧಾರವಾಗಿ ಹಿಡಿದು, ಉಳಿದ ಮೂಲೆಗಳನ್ನು ನಾವೇ ಹಗ್ಗದಿಂದ ಸಾಧಿಸಬೇಕು. ಪಕ್ಕದಲ್ಲಿ ಉಳಿಯುವ ಕೊರೆ ತುಂಡಿನಲ್ಲಿ ಬಾಳೆಯೋ ನುಗ್ಗೆಯೋ ಇಟ್ಟುಕೊಳ್ಳಬಹುದು.

ಬೇಕಾಗುವ ಸಾಮಾನು

ಒಂದೂವರೆ ಅಡಿಯ ಬಿದಿರು ಗೂಟಗಳು ಇಪ್ಪತ್ತು. 100 ಅಡಿಯ ಒಂದು ಟೇಪು, ಸಾಧ್ಯವಾದರೆ ಎರಡು. ಹುರಿ ಹಗ್ಗ. ಗಾರೆ ಕೆಲಸದವರ ತೂಗುಗುಂಡು, ಇಲ್ಲವಾದರೆ ದಾರಕ್ಕೆ ಕಟ್ಟಿದ ಕಲ್ಲು. ಹಿಡಿಯಲು ಇಬ್ಬರು, ನೋಡಲು ಒಬ್ಬರು, ಒಟ್ಟು ಮೂವರು.

ಹಗ್ಗಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ನಾರಿನ ಹಗ್ಗವಾಗಲಿ, ನೈಲಾನ್ ಹಗ್ಗವಾಗಲಿ ಎಳೆದಷ್ಟೂ ಉದ್ದವಾಗುತ್ತದೆ. ನಾರಿನ ಹಗ್ಗ ಒದ್ದೆಯಾದಾಗ ಒಂದು ಅಳತೆ, ಒಣಗಿದಾಗ ಇನ್ನೊಂದು ಅಳತೆ. ಆದ್ದರಿಂದ ಹಿಂದಿನ ದಿನವೇ ಅದನ್ನು ಎರಡು ಮರಗಳ ನಡುವೆ ಬಿಗಿದು ಬಿಡಬೇಕು. ಮರುದಿನ ಬಿಗಿಯಿದ್ದಂತೆಯೇ ಬಟ್ಟೆ ಚೂರು ಕಟ್ಟಿ ಗುರುತು ಮಾಡಿಕೊಳ್ಳಬೇಕು. ಮರದಿಂದ ಮರದ ದೂರ ಅಳೆಯುವುದಕ್ಕೆ ಹಗ್ಗ ಬೇಡ, ಟೇಪು ಹಿಡಿಯಿರಿ. ಇಲ್ಲವೇ ಎರಡು ತುದಿಗೂ ಕುಣಿಕೆ ಮಾಡಿದ 25 ಅಡಿಯ ತಂತಿ ಇಟ್ಟುಕೊಳ್ಳಿ.

ಲಂಬಕೋನ: ಮೂರು, ನಾಲ್ಕು, ಐದು

ಒಂದು ತ್ರಿಭುಜದ ಬದಿಗಳು 3, 4, 5 ಭಾಗ ಇದ್ದರೆ 3 ಮತ್ತು 4 ಸೇರುವ ಮೂಲೆ ಸರಿಯಾಗಿ 90 ಡಿಗ್ರಿ ಆಗುತ್ತದೆ. ಮೂರು ಮೂರಲ 9, ನಾಲ್ಕು ನಾಲ್ಕಲ 16, ಎರಡೂ ಕೂಡಿದರೆ 25, ಅದೇ ಐದೈದಲ 25. ಗಾರೆ ಕೆಲಸದವರು ತಳಪಾಯ ಹಾಕುವಾಗ ಇದನ್ನೇ ಬಳಸುವುದನ್ನು ನಾವೆಲ್ಲ ನೋಡಿದ್ದೇವೆ.

ಇದು ಹೊರಗಿನಿಂದ ಬಂದ ವಿದ್ಯೆಯಲ್ಲ. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಯಜ್ಞವೇದಿಗಳನ್ನು ಅಳತೆಗೆ ಕಟ್ಟಲೆಂದು ರಚಿಸಿದ ಗ್ರಂಥಗಳಿಗೆ ಶುಲ್ಬಸೂತ್ರಗಳೆಂದೇ ಹೆಸರು. ಶುಲ್ಬ ಎಂದರೆ ಹಗ್ಗ. ಬೌಧಾಯನನ ಸೂತ್ರದಲ್ಲಿ ಆಯತದ ಎರಡು ಬದಿಗಳಿಗೂ ಕರ್ಣಕ್ಕೂ ಇರುವ ಈ ಸಂಬಂಧವನ್ನು ಹೇಳಿದೆ. 3-4 ಮಾತ್ರವಲ್ಲದೆ 5-12, 8-15, 7-24 ಮುಂತಾದ ಜೋಡಿಗಳನ್ನೂ ಕೊಟ್ಟಿದೆ. ನಮ್ಮ ನಾಡಿನಲ್ಲಿಯೇ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಎರಡು ಸಂಖ್ಯೆಗಳಿಂದ ಇಂಥ ಆಯತಗಳನ್ನು ಹುಟ್ಟಿಸುವ ಬಗೆ ಅದರಲ್ಲಿದೆ. 2 ಮತ್ತು 1 ಹಿಡಿದರೆ 3, 4, 5. 3 ಮತ್ತು 2 ಹಿಡಿದರೆ 5, 12, 13. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದನು.

ಈಗ ನೆಲಕ್ಕೆ ಬರೋಣ. ಆಧಾರ ಬದುವಿನಿಂದ ಆರು ಅಡಿಯೋ ಹತ್ತು ಅಡಿಯೋ ಒಳಕ್ಕೆ ಹಗ್ಗ ಬಿಗಿದು ಮೊದಲ ಸಾಲಿನ ಗೆರೆ ಮಾಡಿ. ಮೂಲೆಯಲ್ಲಿ ‘ಅ’ ಗೂಟ. ಅದೇ ಗೆರೆಯ ಮೇಲೆ 20 ಅಡಿಗೆ ‘ಆ’ ಗೂಟ. ಈಗ ಒಬ್ಬರು ಟೇಪಿನ ಸೊನ್ನೆಯನ್ನು ‘ಅ’ ಗೂಟಕ್ಕೆ ಹಿಡಿದು 15 ಅಡಿ ಬಿಡಲಿ, ಇನ್ನೊಬ್ಬರು ‘ಆ’ ಗೂಟದಿಂದ 25 ಅಡಿ ಬಿಡಲಿ. ಎರಡೂ ಬಿಗಿಯಾಗಿ ಒಂದೆಡೆ ಕೂಡುವ ಜಾಗದಲ್ಲಿ ‘ಇ’ ಗೂಟ ಹೊಡೆಯಿರಿ. ‘ಅ’ದಿಂದ ‘ಇ’ ಕಡೆಗೆ ಹೋಗುವ ಗೆರೆ ಮೊದಲ ಸಾಲಿಗೆ ಲಂಬ.

ಟೇಪು ಒಂದೇ ಇದ್ದರೆ 60 ಅಡಿಯ ಹಗ್ಗದ ಎರಡು ತುದಿ ಕಟ್ಟಿ, 15, 20, 25ಕ್ಕೆ ಗುರುತು ಹಾಕಿ ಮೂರು ಗೂಟಕ್ಕೆ ಬಿಗಿದರೂ ಆಯಿತು. ಇಲ್ಲಿ ಹಗ್ಗ ಎಳೆದುಕೊಂಡರೂ ಮೂರು ಬದಿಯೂ ಒಂದೇ ಪ್ರಮಾಣದಲ್ಲಿ ಎಳೆದುಕೊಂಡರೆ ಕೋನ ಕೆಡುವುದಿಲ್ಲ. ಕೋನವನ್ನು ನಿರ್ಣಯಿಸುವುದು ಬದಿಗಳ ಉದ್ದವಲ್ಲ, ಅವುಗಳ ಪ್ರಮಾಣ. ದೂರಕ್ಕೆ ಟೇಪು, ಕೋನಕ್ಕೆ ಹಗ್ಗ ಎಂದು ನೆನಪಿಟ್ಟರೆ ಸಾಕು.

ತ್ರಿಭುಜ ದೊಡ್ಡದಿರಲಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಈ ಮಾತು ಉಳಿಯಲಿ. 3-4-5 ಗೊತ್ತಿದ್ದೂ ಸಾಲು ಓರೆಯಾಗುವುದು ತ್ರಿಭುಜ ಚಿಕ್ಕದಾಗಿರುವುದರಿಂದ.

ಲೆಕ್ಕ ನೋಡಿ. 3, 4, 5 ಅಡಿಯ ತ್ರಿಭುಜದಲ್ಲಿ ಉದ್ದನೆಯ ಬದಿ ಒಂದು ಅಂಗುಲ ತಪ್ಪಿದರೆ ಕೋನ 2 ಡಿಗ್ರಿ ತಪ್ಪುತ್ತದೆ. 400 ಅಡಿಯ ತುದಿಯಲ್ಲಿ ಅದು ಸುಮಾರು 14 ಅಡಿ. 15, 20, 25 ಅಡಿಯ ತ್ರಿಭುಜದಲ್ಲಿ ಅದೇ ಒಂದು ಅಂಗುಲದ ತಪ್ಪು ತುದಿಯಲ್ಲಿ 2 ಅಡಿ 9 ಅಂಗುಲ. 75, 100, 125 ಅಡಿಯ ತ್ರಿಭುಜವಾದರೆ ಬರೀ 7 ಅಂಗುಲ. ಕೈ ಅದೇ, ಕಣ್ಣು ಅದೇ, ತಪ್ಪೂ ಅದೇ. ತ್ರಿಭುಜ ದೊಡ್ಡದಾದಂತೆ ತಪ್ಪಿನ ಫಲ ಕುಗ್ಗುತ್ತದೆ.

75, 100, 125 ಅಡಿ ಎಂದರೆ 25 ಅಡಿಯ ಮೂರು, ನಾಲ್ಕು, ಐದು ಅಂತರಗಳು. ಹಾಗಾಗಿ ಬೇರೆ ಅಳತೆಯೇ ಬೇಕಿಲ್ಲ. ಚಿಕ್ಕ ತ್ರಿಭುಜದಿಂದ ಲಂಬವನ್ನು ತಾತ್ಕಾಲಿಕವಾಗಿ ಹಿಡಿದು ಎರಡೂ ಸಾಲುಗಳ ಮೇಲೆ 25 ಅಡಿಗೊಂದು ಗೂಟ ಹೊಡೆಯಿರಿ. ಆಮೇಲೆ ಮೂಲೆಯ ಗೂಟವನ್ನು ಬಿಟ್ಟು ಒಂದು ಸಾಲಿನಲ್ಲಿ ಮೂರನೆಯ ಗೂಟ, ಇನ್ನೊಂದರಲ್ಲಿ ನಾಲ್ಕನೆಯ ಗೂಟ ಎಣಿಸಿ. ಆ ಎರಡರ ನಡುವೆ 25 ಅಡಿಯ ತಂತಿ ಸರಿಯಾಗಿ ಐದು ಸಲ ಹಿಡಿಯಬೇಕು. ಹೆಚ್ಚು ಬಂದರೆ ಮೂಲೆ 90 ಡಿಗ್ರಿಗಿಂತ ತೆರೆದಿದೆ, ಕಡಿಮೆ ಬಂದರೆ ಮುಚ್ಚಿದೆ. ಒಂದು ಅಡಿ ವ್ಯತ್ಯಾಸಕ್ಕೆ ಸುಮಾರು ಒಂದು ಡಿಗ್ರಿ ಎಂದು ತಿಳಿದು ಎರಡನೆಯ ಸಾಲನ್ನು ಸರಿಸಿಕೊಳ್ಳಿ.

ನಾಲ್ಕು ಮೂಲೆಯೂ ಆದ ಮೇಲೆ ಕರ್ಣಗಳನ್ನು ಅಳೆಯುವುದನ್ನು ಮರೆಯಬಾರದು. ಎದುರು ಬದಿಗಳು ಸಮವಿದ್ದು ಎರಡು ಕರ್ಣಗಳೂ ಸಮವಾಗಿ ಬಂದರೆ ನಾಲ್ಕು ಮೂಲೆಯೂ ಸರಿ. 100 ಅಡಿ ಚೌಕಕ್ಕೆ ಕರ್ಣ 141 ಅಡಿ 5 ಅಂಗುಲ ಬರಬೇಕು. ಈ ಪರೀಕ್ಷೆ ಮುಗಿಯುವ ತನಕ ಒಂದು ಗುಂಡಿಯನ್ನೂ ತೆಗೆಸಬೇಡಿ. ಗೂಟ ಕಿತ್ತು ಹೊಡೆಯಲು ಒಂದು ನಿಮಿಷ ಸಾಕು. ಮೂರು ಅಡಿಯ ಗುಂಡಿಯನ್ನು ಮುಚ್ಚಿ ಪಕ್ಕದಲ್ಲಿ ಇನ್ನೊಂದು ತೆಗೆಯಬೇಕಾದರೆ ಒಂದು ಕೂಲಿ ಹೋಯಿತು.

ಅಂಕಿಯೇ ಬೇಡದ ಲಂಬ

ಸಾಲಿನ ನಡುವೆ ಒಂದು ಗೂಟದಿಂದ ಲಂಬ ಎಳೆಯಬೇಕಾದರೆ ಇನ್ನೂ ಸುಲಭ. ಆ ಗೂಟದ ಎಡಕ್ಕೂ ಬಲಕ್ಕೂ ಒಂದೇ ದೂರದಲ್ಲಿ ಎರಡು ಗೂಟ ಹೊಡೆಯಿರಿ. ಒಂದು ಹಗ್ಗವನ್ನು ಎರಡಾಗಿ ಮಡಿಸಿ ಮಡಿಕೆಯಲ್ಲಿ ಗಂಟು ಹಾಕಿ, ಅದರ ಎರಡು ತುದಿಗಳನ್ನು ಆ ಎರಡು ಗೂಟಕ್ಕೆ ಕಟ್ಟಿ. ಗಂಟನ್ನು ಹಿಡಿದು ಬಿಗಿಯಾಗಿ ಎಳೆದರೆ ಅದು ನಡುವಿನ ಗೂಟದ ನೇರಕ್ಕೇ ಬಂದು ನಿಲ್ಲುತ್ತದೆ. ಭೂಮಾಪಕರು ಟಿಪ್ಪಣಿ ತಯಾರಿಸುವಾಗ ಆಧಾರ ಗೆರೆಯಿಂದ ಪ್ರತಿ ಬಾಂದು ಕಲ್ಲಿಗೂ ಲಂಬದೂರ ಅಳೆಯುವ ಪದ್ಧತಿಯುಂಟು. ಅವರು ಕ್ರಾಸ್‌ಸ್ಟಾಫಿನಿಂದ ಸಾಧಿಸುವ ಲಂಬವನ್ನು ನಾವು ಈ ಹಗ್ಗದಿಂದ ಸಾಧಿಸಿಕೊಳ್ಳಬಹುದು.

ಒಂದು ಎಚ್ಚರಿಕೆ. ನಮ್ಮ ಹಗ್ಗ ತೋಟದೊಳಗಿನ ಸಾಲಿಗೆ ಮಾತ್ರ. ನೆರೆಯವರ ಜೊತೆ ಗಡಿಯ ಪ್ರಶ್ನೆ ಇದ್ದರೆ ಸರ್ವೆ ದಾಖಲೆ ನೋಡಿ ಭೂಮಾಪಕರಿಂದಲೇ ಅಳತೆ ಮಾಡಿಸಬೇಕು.

ತ್ರಿಕೋನ ಪದ್ಧತಿಗೆ 60 ಡಿಗ್ರಿ

ಮೂರು ಬದಿಯೂ ಸಮವಿರುವ ತ್ರಿಭುಜದ ಪ್ರತಿ ಮೂಲೆಯೂ 60 ಡಿಗ್ರಿ. ಶಾಲೆಯಲ್ಲಿ ಕೈವಾರದಿಂದ ಮಾಡುವುದನ್ನು ಇಲ್ಲಿ ಎರಡು ತಂತಿಯಿಂದ ಮಾಡಬಹುದು. ಮೊದಲ ಸಾಲಿನ ಅಕ್ಕಪಕ್ಕದ ಎರಡು ಗೂಟಗಳಿಂದ 25 ಅಡಿಯ ತಂತಿಗಳನ್ನು ಎಳೆದು ಕೂಡಿಸಿದರೆ ಎರಡನೆಯ ಸಾಲಿನ ಗೂಟದ ಜಾಗ ಸಿಗುತ್ತದೆ.

ಹೀಗೆ ನೆಟ್ಟರೆ ಸಾಲಿನಿಂದ ಸಾಲಿಗೆ 25 ಅಡಿಯ ಬದಲು 21 ಅಡಿ 8 ಅಂಗುಲ ಸಾಕಾಗುತ್ತದೆ. ಚೌಕದಲ್ಲಿ ಎಕರೆಗೆ ಸುಮಾರು 70 ಮರ ಹಿಡಿದರೆ ತ್ರಿಕೋನದಲ್ಲಿ ಸುಮಾರು 80 ಹಿಡಿಯುತ್ತವೆ. ಮರದಿಂದ ಮರಕ್ಕೆ ದೂರ ಮಾತ್ರ ಅದೇ 25 ಅಡಿ.

ಆದರೆ ಪ್ರತಿ ಸಾಲನ್ನೂ ಅದರ ಹಿಂದಿನ ಸಾಲಿನಿಂದ ಹಿಡಿಯುತ್ತ ಹೋದರೆ ಮೊದಲ ಸಾಲಿನ ತಪ್ಪು ಹತ್ತನೆಯ ಸಾಲಿಗೆ ಹತ್ತು ಪಾಲಾಗಿ ಬರುತ್ತದೆ. ಅದಕ್ಕೆ ಬದಲು ತೋಟದ ಎರಡು ಅಂಚಿನಲ್ಲಿಯೂ ಮೊದಲ ಸಾಲಿಗೆ ಲಂಬ ಗೆರೆ ಎಳೆದು, ಅದರ ಮೇಲೆ 21 ಅಡಿ 8 ಅಂಗುಲಕ್ಕೊಂದು ಗುರುತು ಮಾಡಿ, ಎದುರುಬದುರು ಗುರುತುಗಳ ನಡುವೆ ಹಗ್ಗ ಬಿಗಿಯಿರಿ. ಒಂದು ಬಿಟ್ಟು ಒಂದು ಸಾಲನ್ನು ಹನ್ನೆರಡೂವರೆ ಅಡಿಯಿಂದ ಆರಂಭಿಸಿ. ಹತ್ತು ಅಂತರಕ್ಕೆ ಒಟ್ಟು 216 ಅಡಿ 6 ಅಂಗುಲ ಬಂದಿದೆಯೇ ಎಂದು ನೋಡಿಕೊಳ್ಳಿ.

ನಡುವೆ ಅಡಿಕೆ, ಬಾಳೆ ಇಡುವವರು, ಟ್ರ್ಯಾಕ್ಟರಿನಲ್ಲಿ ಎರಡು ದಿಕ್ಕಿಗೂ ಉಳುವವರು ಚೌಕ ಪದ್ಧತಿಯಲ್ಲೇ ಇರುವುದು ಲೇಸು ಎಂದು ನಮ್ಮ ಅಭಿಪ್ರಾಯ.

ದಿಕ್ಕು ಹಿಡಿಯುವುದು

ಅಡಿಕೆಯ ವಿಷಯಕ್ಕೆ ಹೋಗುವ ಮೊದಲು ಉತ್ತರ ದಕ್ಷಿಣವನ್ನು ಸರಿಯಾಗಿ ಹಿಡಿಯಬೇಕು. ದಿಕ್ಸೂಚಿ ಇದ್ದರೆ ಒಳ್ಳೆಯದು, ಆದರೆ ಹತ್ತಿರದಲ್ಲಿ ಪಂಪ್‌ಸೆಟ್ಟೋ ಕಬ್ಬಿಣದ ಹಾರೆಯೋ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಗಡಿಯಾರದ ಹನ್ನೆರಡು ಗಂಟೆಯ ನೆರಳನ್ನು ನಂಬುವುದೂ ತಪ್ಪು. ನಮ್ಮ ಗಡಿಯಾರ ನಡೆಯುವುದು 82½ ಡಿಗ್ರಿ ರೇಖಾಂಶದ ಹೊತ್ತಿಗೆ. ತಿಪಟೂರು ಇರುವುದು ಸುಮಾರು 76½ ಡಿಗ್ರಿಯಲ್ಲಿ. ಹಾಗಾಗಿ ನಮ್ಮಲ್ಲಿ ನಿಜವಾದ ನಡು ಹಗಲು ಸರಾಸರಿ 12 ಗಂಟೆ 24 ನಿಮಿಷಕ್ಕೆ. ಅದೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನವೆಂಬರ್ ಮೊದಲಲ್ಲಿ 12-08ರ ಸುಮಾರಿಗೆ, ಫೆಬ್ರವರಿಯಲ್ಲಿ 12-38ರ ಸುಮಾರಿಗೆ.

ಹಳೆಯ ಶಂಕುವಿನ ವಿಧಾನಕ್ಕೆ ಗಡಿಯಾರವೇ ಬೇಡ. ಕಾತ್ಯಾಯನನ ಶುಲ್ಬಸೂತ್ರದಲ್ಲಿ ಇದನ್ನು ಹೇಳಿದೆ. ಮಟ್ಟವಾದ ನೆಲದಲ್ಲಿ ಮೂರು ಅಡಿ ಎತ್ತರದ ನೇರ ಕೋಲು ನೆಡಿ. ತೂಗುಗುಂಡು ಹಿಡಿದು ಎರಡು ಕಡೆಯಿಂದ ನೋಡಿ ಅದು ನೆಟ್ಟಗಿರುವುದನ್ನು ಖಚಿತಪಡಿಸಿಕೊಳ್ಳಿ. ಕೋಲಿನ ಬುಡವನ್ನು ನಡುವಾಗಿ ಇಟ್ಟುಕೊಂಡು ನಾಲ್ಕು ಅಡಿಯ ಹಗ್ಗದಿಂದ ವೃತ್ತ ಎಳೆಯಿರಿ. ಬೆಳಗ್ಗೆ ಉದ್ದವಿದ್ದ ನೆರಳು ಗಿಡ್ಡವಾಗುತ್ತ ಬಂದು, ಒಂಬತ್ತು ಹತ್ತರ ನಡುವೆ ಅದರ ತುದಿ ವೃತ್ತವನ್ನು ಮುಟ್ಟುತ್ತದೆ. ಅಲ್ಲಿ ಒಂದು ಮೊಳೆ ಚುಚ್ಚಿ. ಮಧ್ಯಾಹ್ನ ಮೂರು ನಾಲ್ಕರ ನಡುವೆ ನೆರಳು ಬೆಳೆದು ಇನ್ನೊಂದು ಕಡೆ ವೃತ್ತವನ್ನು ದಾಟುತ್ತದೆ. ಅಲ್ಲಿ ಇನ್ನೊಂದು ಮೊಳೆ. ಎರಡೂ ಮೊಳೆಗಳನ್ನು ಕೂಡಿಸಿದ ಗೆರೆಯೇ ಪೂರ್ವ ಪಶ್ಚಿಮ, ಬೆಳಗಿನ ಮೊಳೆ ಪಶ್ಚಿಮದ್ದು. ಮೇಲೆ ಹೇಳಿದ ಮಡಿಸಿದ ಹಗ್ಗದಿಂದ ಅದಕ್ಕೆ ಲಂಬ ಎಳೆದರೆ ಉತ್ತರ ದಕ್ಷಿಣ.

ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ನಡು ಹಗಲಿನ ನೆರಳು ಉತ್ತರಕ್ಕಲ್ಲ, ದಕ್ಷಿಣಕ್ಕೆ ಬೀಳುತ್ತದೆ. ಆದ್ದರಿಂದ ನಡು ಹಗಲಿನ ನೆರಳು ನೋಡಿ ಇದೇ ಉತ್ತರ ಎಂದುಕೊಂಡರೆ ಮೋಸ ಹೋಗುತ್ತೇವೆ. ಎರಡು ಮೊಳೆಗಳ ವಿಧಾನಕ್ಕೆ ಆ ತೊಂದರೆ ಇಲ್ಲ. ಮೋಡದ ಭಯವಿದ್ದರೆ ಮೂರು, ಮೂರೂವರೆ, ನಾಲ್ಕು ಅಡಿಗೆ ಮೂರು ವೃತ್ತ ಎಳೆದಿಟ್ಟರೆ ಯಾವುದಾದರೂ ಒಂದರ ಎರಡು ಗುರುತು ಸಿಕ್ಕೇ ಸಿಗುತ್ತವೆ. ನೆರಳಿನ ತುದಿ ಅರ್ಧ ಅಂಗುಲ ಮಸುಕಾದರೂ ತಪ್ಪು ಅರ್ಧ ಡಿಗ್ರಿಯೊಳಗೆ.

ಅಡಿಕೆಗೆ 35 ಡಿಗ್ರಿ ಏಕೆ?

ತೆಂಗಿಗೆ ಸಾಲು ನೇರವಿದ್ದರೆ ಸಾಕು. ಅಡಿಕೆಗೆ ಅದು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದೂ ಮುಖ್ಯ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವಾಗ ಮಧ್ಯಾಹ್ನದ ಬಿಸಿಲು ನೈಋತ್ಯದ ಕಡೆಯಿಂದ ಎಳೆಯ ಕಾಂಡಕ್ಕೆ ನೇರವಾಗಿ ಹೊಡೆಯುತ್ತದೆ. ಆ ಮಗ್ಗುಲಲ್ಲಿ ಮೊದಲು ಹಳದಿ ಮಚ್ಚೆ, ಆಮೇಲೆ ಕಂದು ಬಣ್ಣ, ಕೊನೆಗೆ ಉದ್ದುದ್ದ ಸೀಳು. ಸೀಳಿದಲ್ಲಿ ಕೊಳೆ ಸೇರಿ, ಮರ ಫಸಲು ಕೊಡುವ ಹೊತ್ತಿಗೆ ಗಾಳಿಗೆ ಅಲ್ಲಿಗೇ ಮುರಿಯುತ್ತದೆ. ಬಯಲು ಸೀಮೆಯ ನಮಗೆ ಮಲೆನಾಡಿನ ಕಾಡಿನ ಮರೆಯಿಲ್ಲ.

ಇದಕ್ಕಾಗಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮಾಡಿರುವ ಶಿಫಾರಸು ಹೀಗಿದೆ: 2.7 ಮೀಟರ್, ಅಂದರೆ ಹತ್ತಿರ ಹತ್ತಿರ 9 ಅಡಿ ಚೌಕದಲ್ಲಿ ನೆಡುವಾಗ ಉತ್ತರ ದಕ್ಷಿಣದ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಬೇಕು. ಡಿಸೆಂಬರಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ನಮ್ಮಲ್ಲಿ ಸೂರ್ಯನೂ ದಕ್ಷಿಣದಿಂದ ಪಶ್ಚಿಮಕ್ಕೆ ಹೆಚ್ಚುಕಡಿಮೆ ಇಷ್ಟೇ ವಾಲಿರುತ್ತಾನೆ. ಸಾಲು ಸೂರ್ಯನ ಕಡೆಗೇ ಮುಖ ಮಾಡಿದಾಗ ಮುಂದಿನ ಮರದ ನೆರಳು ಹಿಂದಿನ ಮರದ ಮೇಲೆ ಬೀಳುತ್ತದೆ.

35 ಡಿಗ್ರಿ ಎಂದ ಕೂಡಲೇ ಹೆದರಬೇಕಾಗಿಲ್ಲ. ಹತ್ತಕ್ಕೆ ಏಳು ಎಂದು ನೆನಪಿಡಿ. ಹೊಲದ ಉತ್ತರದ ತುದಿಯಲ್ಲಿ ‘ಅ’ ಗೂಟ ಹೊಡೆದು ಅಲ್ಲಿಂದ ನೇರ ದಕ್ಷಿಣಕ್ಕೆ 100 ಅಡಿ ಅಳೆದು ‘ಆ’ ಗೂಟ ಹೊಡೆಯಿರಿ. ‘ಆ’ದಲ್ಲಿ ಲಂಬ ಹಿಡಿದು ಪಶ್ಚಿಮಕ್ಕೆ 70 ಅಡಿ ಅಳೆದು ‘ಇ’ ಗೂಟ ಹೊಡೆಯಿರಿ. ‘ಅ’ದಿಂದ ‘ಇ’ಗೆ ಎಳೆದ ಗೆರೆಯೇ ಅಡಿಕೆಯ ಮೊದಲ ಸಾಲು. ಪರೀಕ್ಷೆಗೆ ‘ಅ’, ‘ಇ’ ನಡುವಿನ ದೂರ ಅಳೆದರೆ 122 ಅಡಿ 1 ಅಂಗುಲ ಬರಬೇಕು. ಜಾಗ ಸಾಲದಿದ್ದರೆ 50 ಅಡಿಗೆ 35 ಅಡಿ, ಆಗ ಕರ್ಣ 61 ಅಡಿ.

ಆ ಸಾಲಿನ ಮೇಲೆ 9 ಅಡಿಗೊಂದು ಗೂಟ. ಅಡ್ಡ ಸಾಲಿಗೆ ಮತ್ತೆ ಅದೇ ಮೂರು, ನಾಲ್ಕು, ಐದು. ಇಲ್ಲಿ ಆರು, ಎಂಟು, ಹತ್ತು ಅಂತರ ಹಿಡಿಯಿರಿ, ಎಂದರೆ 54, 72, 90 ಅಡಿ.

ವಾಲಿಸುವ ಕಡೆ ತಪ್ಪಬಾರದು. ಉತ್ತರದ ತುದಿಯಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ ಸಾಲು ನಮ್ಮ ಬಲಗೈ ಕಡೆಗೆ ತಿರುಗಬೇಕು. ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಅಡಿಕೆ ಸಹಿಸಿಕೊಂಡೀತು. ಎಡಕ್ಕೆ ತಿರುಗಿಸಿದರೆ ಮಾತ್ರ ಮಧ್ಯಾಹ್ನದ ಬಿಸಿಲು ಇಡೀ ಸಾಲಿನ ಮಗ್ಗುಲಿಗೆ ಬೀಳುತ್ತದೆ, ಮಾಡಿದ ಶ್ರಮವೆಲ್ಲ ತಲೆಕೆಳಗು.

ಸಾಲು ವಾಲಿದಾಗ ಬದುವಿನ ಬಳಿ ಮೂಲೆ ತುಂಡುಗಳು ಉಳಿಯುವುದು ನಿಜ. ಅಲ್ಲಿ ಬಾಳೆ ಇಡಬಹುದು. ದಕ್ಷಿಣ ಮತ್ತು ನೈಋತ್ಯದ ಅಂಚಿನ ಸಾಲಿಗೆ ಮುಂದೆ ಮರವಿಲ್ಲದ ಕಾರಣ ಕೋನ ಎಷ್ಟು ಸರಿಯಿದ್ದರೂ ಬಿಸಿಲು ತಪ್ಪದು. ಆ ಮರಗಳ ಕಾಂಡಕ್ಕೆ ಸೋಗೆ ಅಥವಾ ಹಾಳೆ ಕಟ್ಟಬೇಕು, ಇಲ್ಲವೇ ಹೊರಗೆ ಬೇಗ ಬೆಳೆಯುವ ನೆರಳಿನ ಮರಗಳನ್ನು ಬೆಳೆಸಬೇಕು. ಹಳೆಯ ತೆಂಗಿನ ನಡುವೆ ಅಡಿಕೆ ಇಡುವವರು ತೆಂಗಿನ ಸಾಲನ್ನೇ ಅನುಸರಿಸಬೇಕಾಗುತ್ತದೆ. ಅಲ್ಲಿ ತೆಂಗಿನ ನೆರಳು ತಕ್ಕಮಟ್ಟಿಗೆ ಕಾಯುತ್ತದೆ. ಬಯಲಿನಲ್ಲಿ ಹೊಸದಾಗಿ ಅಡಿಕೆ ಮಾಡುವವರು ಮಾತ್ರ 35 ಡಿಗ್ರಿಯನ್ನು ಕಡೆಗಣಿಸಬಾರದು.

ಬೇರೆ ಕೋನಗಳು

ಇದೇ ಕ್ರಮದಲ್ಲಿ ಯಾವ ಕೋನವನ್ನಾದರೂ ಹಿಡಿಯಬಹುದು. ಮೊದಲ ಅಂಕಿ ನೇರಕ್ಕೆ, ಎರಡನೆಯದು ಅದರ ತುದಿಯಿಂದ ಲಂಬಕ್ಕೆ. 10 ಡಿಗ್ರಿಗೆ 17ಕ್ಕೆ 3. 20 ಡಿಗ್ರಿಗೆ 11ಕ್ಕೆ 4. 25 ಡಿಗ್ರಿಗೆ 15ಕ್ಕೆ 7. 30 ಡಿಗ್ರಿಗೆ 26ಕ್ಕೆ 15. 40 ಡಿಗ್ರಿಗೆ 25ಕ್ಕೆ 21. 45 ಡಿಗ್ರಿಗೆ ಎರಡೂ ಸಮ. ಇವುಗಳಲ್ಲಿ ಯಾವುದೂ ಹತ್ತನೆಯ ಒಂದು ಡಿಗ್ರಿಯಷ್ಟೂ ತಪ್ಪುವುದಿಲ್ಲ. ಮಕ್ಕಳು ಚೌಕುಳಿ ಕಾಗದದ ಮೇಲೆ ಎಳೆದು ಕೋನಮಾಪಕ ಇಟ್ಟು ನೋಡಬಹುದು. ಲೆಕ್ಕದ ಪುಸ್ತಕ ಅಪ್ಪನ ತೋಟಕ್ಕೆ ಬರುವುದನ್ನು ಕಂಡರೆ ಅವರಿಗೂ ಹುರುಪು ಬರುತ್ತದೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದಾಗ ಹದಿಮೂರನೆಯ ಶತಮಾನದ ಹೊಯ್ಸಳರ ಚೆನ್ನಕೇಶವ ದೇವಾಲಯದ ಬುಡವನ್ನು ಒಂದು ಸುತ್ತು ಬಂದು ನೋಡಿ. ಗರ್ಭಗುಡಿಯ ಹೊರಗೋಡೆ ನಕ್ಷತ್ರದ ಆಕಾರದಲ್ಲಿದೆ. ಒಂದು ಚೌಕವನ್ನು ಅದರ ನಡುವಿನ ಸುತ್ತ 45 ಡಿಗ್ರಿ ತಿರುಗಿಸಿ ಇಟ್ಟರೆ ಎಂಟು ಮೂಲೆಯ ನಕ್ಷತ್ರ. 22½ ಡಿಗ್ರಿಯಂತೆ ಮೂರು ಸಲ ತಿರುಗಿಸಿದರೆ ಹದಿನಾರು ಮೂಲೆ. 90ರ ಅರ್ಧ 45, ಅದರ ಅರ್ಧ 22½. ಕೋನವನ್ನು ಎರಡು ಪಾಲು ಮಾಡುವುದಕ್ಕೂ ಬೇಕಾದದ್ದು ಮಡಿಸಿದ ಹಗ್ಗವೊಂದೇ.

ಉಂಡೆ ಕೊಬ್ಬರಿಗೆ ಅಟ್ಟ ಕಟ್ಟಿಸುವವರಿಗೂ ಒಂದು ಮಾತು. ಗಾರೆಯವರ ಮೂಲೆಮಟ್ಟ ಸರಿಯಿದೆಯೇ ಎಂದು ನೋಡಲು ಅದನ್ನು ನೇರ ಅಂಚಿಗೆ ಇಟ್ಟು ಗೆರೆ ಎಳೆಯಿರಿ. ಮಗುಚಿ ಇಟ್ಟು ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿ. ಬೇರೆಯಾದರೆ ಅವುಗಳ ನಡುವಿನ ಅರ್ಧದಷ್ಟು ಅದರ ತಪ್ಪು.

ಇಳಿಜಾರಿನಲ್ಲಿ

ಹೇಳಿದ್ದೆಲ್ಲ ಮಟ್ಟ ನೆಲಕ್ಕೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಿ ಅಳೆದರೆ ಹತ್ತಕ್ಕೆ ಒಂದು ಅಡಿ ಇಳಿಯುವ ಜಾಗದಲ್ಲಿ ನೂರು ಅಡಿಗೆ ಸುಮಾರು ಆರು ಅಂಗುಲ ವ್ಯತ್ಯಾಸ ಬರುತ್ತದೆ, ಕೋನವೂ ಕೆಡುತ್ತದೆ. ಟೇಪನ್ನು ಮಟ್ಟವಾಗಿ ಎತ್ತಿ ಹಿಡಿದು, ತುದಿಯಿಂದ ತೂಗುಗುಂಡು ಇಳಿಸಿ, ಹತ್ತಿಪ್ಪತ್ತು ಅಡಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು. ಕಡಿದಾದ ಇಳಿಜಾರಿನಲ್ಲಿ ಕಾಫಿ ಮಾಡುವ ಸದಸ್ಯರು ಚೌಕದ ಹಟ ಬಿಟ್ಟು ಸಮಪಾತಳಿ ಗೆರೆಯ ಮೇಲೆಯೇ ಗಿಡ ಇಡಬೇಕು. ಅಲ್ಲಿ ಮಣ್ಣು ಉಳಿಸುವುದು ಸಾಲಿನ ಅಂದಕ್ಕಿಂತ ದೊಡ್ಡದು.

ಕೊನೆಯದಾಗಿ, ಈ ಸಲ ಹೊಸ ತೋಟ ಮಾಡುವ ಸದಸ್ಯರು ಗುಂಡಿಯ ಆಳುಗಳಿಗೆ ಹೇಳಿಕಳುಹಿಸುವ ಮೊದಲು ಒಂದು ದಿನವನ್ನು ಗೂಟಕ್ಕೆಂದೇ ಇಡಬೇಕೆಂದು ಕೋರುತ್ತೇವೆ. ಬೆಳಗ್ಗೆ ಶಂಕುವಿನ ಮೊದಲ ಮೊಳೆ, ಮಧ್ಯಾಹ್ನದೊಳಗೆ ಹಗ್ಗ ಬಿಗಿದು ಗುರುತು ಮಾಡಿಕೊಳ್ಳುವುದು, ನೆರಳು ಬಂದ ಮೇಲೆ ಎರಡನೆಯ ಮೊಳೆ, ಸಂಜೆಯ ತಂಪಿನಲ್ಲಿ ದೊಡ್ಡ ತ್ರಿಭುಜ ಮತ್ತು ಕರ್ಣಗಳ ಪರೀಕ್ಷೆ. ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಸಾಲಿನ ನೇರಕ್ಕೆ ಕಣ್ಣು ಹಾಯಿಸಿ. ಮುಂದಿನ ಗೂಟದ ಹಿಂದೆ ಉಳಿದ ಗೂಟಗಳೆಲ್ಲ ಮರೆಯಾದರೆ ಗುಂಡಿ ತೆಗೆಸಬಹುದು. ನಮ್ಮ ತೋಟದ ಕೆಳಗಿನ ತುದಿಯಲ್ಲಿ ಗರಿಗೆ ಗರಿ ಸಿಕ್ಕಿಕೊಂಡ ಮರಗಳನ್ನು ನೋಡಬೇಕೆನ್ನುವವರು ಯಾವಾಗ ಬೇಕಾದರೂ ಬಂದು ನೋಡಿ ಹೋಗಬಹುದು.